ನಾಲ್ಕು ಗ್ರಾಂ

ಹಗಲೆಲ್ಲ ನಾನು ಹಲ್ಲು ಮಾಡುತ್ತೇನೆ,
ಮುಖವೇ ಕಂಡಿರದವರ ಬಾಯಿಗೆ.
ದ್ಯೋರ್ ಪಟ್ಟಣದ ಮೂರನೆಯ ಮಹಡಿ, ಉತ್ತರದ ಕಿಟಕಿ,
ಪ್ಲಾಸ್ಟರ್ ಧೂಳಿಗೆ ಬೆಳ್ಳಗಾದ ಹುಬ್ಬು.
ಆರು ಹೊಡೆದ ಮೇಲೆ
ಅದೇ ಮೇಜು, ಅದೇ ದೀಪ, ಗುಂಯ್‌ಗುಡುವ ಅದೇ ಅರ;
ಹಲ್ಲಿನ ಬದಲು ದೋಣಿ.

ದೋಣಿ ಎಂದರೆ ಮೊಳವೂ ಇಲ್ಲ:
ಒಂದು ಗೇಣು, ಮೇಲೆ ಎರಡು ಬೆರಳು.
ಅಚ್ಚಿಗೆ ಮೇಣ ಸವರಿ, ಗಾಜಿನ ನೂಲಿನ ಬಟ್ಟೆ ಹಾಸಿ,
ಅಂಟು ಕುಡಿಸಿ, ಹೆಚ್ಚಾದದ್ದನ್ನು ಹತ್ತಿಯಲ್ಲಿ ಒತ್ತಿ ಹೀರಿ
ರಾತ್ರಿಯಿಡೀ ರೇಡಿಯೇಟರಿನ ಪಕ್ಕ ಮಲಗಿಸುತ್ತೇನೆ.
ಬೆಳಿಗ್ಗೆ ಬಿಡಿಸಿದರೆ
ಈರುಳ್ಳಿಯ ಒಳಪದರದ ಹಾಗೆ, ಆಚೆಯ ಬೆಳಕು ಕಾಣುವಷ್ಟು ತೆಳು.

ಮೋಟಾರು ಹೆಬ್ಬೆಟ್ಟಿನಷ್ಟು, ಬ್ಯಾಟರಿ ಬೆಂಕಿಪೊಟ್ಟಣದಷ್ಟು.
ಹಿತ್ತಾಳೆಯ ಕೊಳವೆಯೊಳಗೆ ತಿರುಗುವ ಉಕ್ಕಿನ ತಂತಿ,
ಒಂದು ಹನಿ ಎಣ್ಣೆ ಕಡಿಮೆಯಾದರೆ ಕಿರುಚುತ್ತದೆ.
ತುದಿಯಲ್ಲಿ ಎರಡೇ ಎಸಳಿನ ತಾಮ್ರದ ಹೂವು,
ಕಿರುಬೆರಳಿನ ಉಗುರಷ್ಟು ಒಂದೊಂದು ಎಸಳು.
ಬ್ಲೇಡಿನ ಅಂಚಿಗೆ ತೂಗಿಟ್ಟರೆ ಯಾವ ಕಡೆಗೂ ವಾಲಬಾರದು.
ವಾಲಿದ ಕಡೆ ಮತ್ತೊಮ್ಮೆ ಅರ. ಮತ್ತೊಮ್ಮೆ.
ಕಚ್ಚಿ ನೋಡಿ, ಎಲ್ಲಾದರೂ ಎತ್ತರ ಅನಿಸುತ್ತದೆಯೇ
ಎಂದು ನೀರನ್ನು ಕೇಳುವಂತಿಲ್ಲ.

ಚಿನ್ನ ತೂಗುವ ತಕ್ಕಡಿಯೊಂದಿದೆ.
ಈಗ ಯಾರೂ ಚಿನ್ನದ ಹಲ್ಲು ಕೇಳುವುದಿಲ್ಲ;
ದೋಣಿ ಇಟ್ಟೆ. ನೂರ ಅರವತ್ತೊಂದು ಗ್ರಾಂ.
ಒಂದು ತಿರುಪು ತೆಗೆದೆ. ಬಣ್ಣ ಕೆರೆದೆ.
ಬದಿಗೆ ಹೆಸರು ಬರೆದಿದ್ದೆ,
ಅದನ್ನೂ ಉಜ್ಜಿ ಅಳಿಸಿದೆ.
ನೂರ ಐವತ್ತೇಳು.

ಭಾನುವಾರ, ಊರಾಚೆ,
ಜಲ್ಲಿ ತೋಡಿದ ಗುಂಡಿಯಲ್ಲಿ ನಿಂತ ಕೆರೆ.
ಸರಕುಗಾಡಿ ಓಡಿಸಿ ನಿವೃತ್ತನಾದ ಗೆರ್ಜೋನ್
ಸ್ಟಾಪ್‌ವಾಚ್ ಹಿಡಿದು ಮಡಿಸುವ ಕುರ್ಚಿಯಲ್ಲಿ,
ಇನ್ನೊಂದು ಕೈಯಲ್ಲಿ ಬೆಳ್ಳುಳ್ಳಿ ಸವರಿದ ಲಾಂಗೋಶ್.
ಆಪಿನ ಮರೆಯಿಂದ ಗಾಳ ಹಾಕಿ ಕೂತ ವೆಂಡೆಲ್:
"ನಿಮ್ಮ ಸೊಳ್ಳೆಗಳಿಗೆ ಹೆದರಿ ನನ್ನ ಮೀನೆಲ್ಲ
ಆಸ್ಟ್ರಿಯಾ ಸೇರಿವೆ."

ಬಿಟ್ಟೆ.
ಕೆರೆಯ ಮೈಮೇಲೆ ಯಾರೋ ಜಿಪ್ ಎಳೆದಂತೆ
ಒಂದು ಬಿಳಿಗೆರೆ.
ಒಡಲು ನೀರಿನಲ್ಲಿಲ್ಲ, ಹೂವಿನ ಅರ್ಧ ಮಾತ್ರ;
ಹೋಗುತ್ತಿದೆ ಅನ್ನುವಷ್ಟರಲ್ಲಿ ಹೋಗಿದೆ.
ಆಮೇಲೆ ಮೂತಿ ಎತ್ತಿತು.
ಗಾಳಿ ಹೊಟ್ಟೆಯಡಿ ಕೈಹಾಕಿ ಮಗುಚಿತು, ದೋಸೆಯ ಹಾಗೆ.
ಸದ್ದಿಲ್ಲ. ನಡುಗೆರೆಯಲ್ಲಿ
ಬೆಳ್ಳಗೆ, ಸತ್ತ ಮೀನಿನಂತೆ.

"ವೇಗವಿದ್ದರೆ ದೋಣಿಯಿಲ್ಲ, ಪಿರೋಶ್ಕಾ,
ದೋಣಿಯಿದ್ದರೆ ವೇಗವಿಲ್ಲ"
ಎಂದು ಗೆರ್ಜೋನ್ ನಕ್ಕ,
ನಾನೇ ಕಟ್ಟಿಕೊಟ್ಟ ಹಲ್ಲುಗಳಲ್ಲಿ.

ವೆಂಡೆಲ್ ಏನೂ ಅನ್ನಲಿಲ್ಲ. ಎದ್ದ.
ಗಾಳವನ್ನು ಹಿಂದಕ್ಕೊಯ್ದು ಬೀಸಿದ;
ಎರಡನೆಯ ಬೀಸಿಗೆ ಸಿಕ್ಕಿತು.
ಆತುರವಿಲ್ಲದೆ ಸುತ್ತಿ ಸುತ್ತಿ ಎಳೆದು
ಅಂಗೈಯಲ್ಲಿಟ್ಟು ಒಮ್ಮೆ ಎತ್ತಿ ಇಳಿಸಿದ,
ಮನೆಗೊಯ್ಯುವುದೋ ಕೆರೆಗೇ ಬಿಡುವುದೋ ಎಂದು ನೋಡುವವನಂತೆ.
"ಮುಂದೆ ಹಗುರ."
ಜೇಬಿನ ಡಬ್ಬಿಯಿಂದ ಸೀಸದ ಗುಂಡೊಂದನ್ನು ತೆಗೆದು
ಹಲ್ಲಲ್ಲಿ ಕಚ್ಚಿ ಚಪ್ಪಟೆ ಮಾಡಿದ
(ಕೆಳಗೆ ಬಲಕ್ಕೆ ಎರಡು ದವಡೆಹಲ್ಲಿಲ್ಲ; ಕಣ್ಣಿಗೆ ಬಿತ್ತು,
ಸುಮ್ಮನಿದ್ದೆ),
ಮೂತಿಯೊಳಗೆ ಟೇಪಿನಿಂದ ಅಂಟಿಸಿದ.
"ನಾಲ್ಕು ಗ್ರಾಂ ಇದ್ದೀತು."

ಮುಚ್ಚಳ ಒರೆಸಿ ಮತ್ತೆ ಬಿಟ್ಟೆ.
ಈ ಸಲ ಮೂತಿ ಬಗ್ಗಿಸಿ ಓಡಿತು,
ಪಕ್ಕದ ತೂತಿನಿಂದ ಮೋಟಾರು ತಣಿಸಿದ ನೀರನ್ನು ಉಗುಳುತ್ತ,
ಬುರುಡೆ ತಿರುಗಿ, ಆಪಿನ ಅಂಚು ಸವರಿ,
ಅಲೆ ಏಳುವ ಮುಂಚೆಯೇ ಅಲೆಯ ಜಾಗ ದಾಟಿ.
ಟ್ರಿಗರ್ ಹಿಡಿದ ತೋರುಬೆರಳು ನನ್ನದೇ, ನಡುಗಿದ್ದೂ ಅದೇ.
ಮೂವರೂ ನಿಂತಿದ್ದೆವು.
ದಡ ಮುಟ್ಟಿದ ಮೇಲೆ ನೋಡಿದರೆ
ಗೆರ್ಜೋನ್ ಗಡಿಯಾರ ಒತ್ತಲು ಮರೆತಿದ್ದ.

ಸೋಮವಾರ. ಮೇಜಿನ ಮೇಲೆ ಯಾರದೋ ಮೇಲ್ದವಡೆ.
ಕೆಲಸಕ್ಕೆ ಕೂರುವ ಮುಂಚೆ ದೋಣಿ ತೂಗಿದೆ:
ನೂರ ಅರವತ್ತೊಂದು, ಒಳಗಿನ ಒದ್ದೆ ಸೇರಿ.
ಹೆಸರು ಅಳಿಸಿದ ಜಾಗದಲ್ಲಿ
ಗಾಳದ ಕೊಕ್ಕೆ ಎಳೆದ ಒಂದು ಗೀರು.
ಪಾಲಿಷ್ ಮಾಡಿದರೆ ಹೋಗುತ್ತದೆ.
ಮಾಡಿಲ್ಲ.